ಪೆಟ್ಟಿಗೆಯಲ್ಲಿರುವುದನ್ನು ಓದುವವರು ಯಾರು?

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನಲ್ಲಿ ಹನ್ನೂರ ಎಂಬ ಒಂದು ಊರಿದೆ. ನಮ್ಮ ಓದುಗರಲ್ಲಿ ಹೆಚ್ಚಿನವರು ಆ ಹೆಸರನ್ನು ಕೇಳಿರಲಾರರು. ಆದರೆ ಅಕ್ಕಲಕೋಟೆಯ ಹೆಸರು ಕೇಳದ ಹಿರಿಯರು ಕಾಸರಗೋಡಿನ ಕನ್ನಡ ಮನೆಗಳಲ್ಲಿ ಅಪರೂಪ. 1967ರಲ್ಲಿ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗ ಒಪ್ಪಿಸಿದ ವರದಿಯಲ್ಲಿ ಚಂದ್ರಗಿರಿ ಹೊಳೆಯ ಬಡಗು ಭಾಗದ ನಮ್ಮ ಸೀಮೆಯೂ ಅಕ್ಕಲಕೋಟೆ ತಾಲೂಕೂ ಅಂದಿನ ಮೈಸೂರು ರಾಜ್ಯಕ್ಕೆ ಸೇರತಕ್ಕವು ಎಂದು ಬರೆಯಲಾಗಿತ್ತು. ಬರೆದದ್ದು ಕಾಗದದಲ್ಲೇ ಉಳಿಯಿತು. ಅವರು ಮಹಾರಾಷ್ಟ್ರದಲ್ಲಿ, ನಾವು ಕೇರಳದಲ್ಲಿ. ಆ ಹಳೆಯ ಗಾಯವನ್ನು ಕೆದಕುವುದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಕಾಗದದಲ್ಲಿ ಉಳಿದದ್ದು ಮುಂದೆ ಏನಾಗುತ್ತದೆ, ಅದನ್ನು ಯಾರು ಕಾಯುತ್ತಾರೆ, ಯಾರು ಓದುತ್ತಾರೆ ಎಂಬುದಷ್ಟೇ ಇಂದಿನ ವಿಚಾರ.

ಕಳೆದ ಬೇಸಗೆಯಲ್ಲಿ ಕೆಲಸದ ನಿಮಿತ್ತ ಸೊಲ್ಲಾಪುರಕ್ಕೆ ಹೋಗಿದ್ದಾಗ ಪರಿಚಯದ ಕನ್ನಡ ಶಾಲೆಯ ಮಾಸ್ತರರೊಬ್ಬರು ನಮ್ಮನ್ನು ಹನ್ನೂರಕ್ಕೆ ಕರೆದೊಯ್ದರು. ಜೋಳದ ಸೀಮೆ. ಮನೆಯ ಮಾತು ಕನ್ನಡ, ಪಂಚಾಯತಿಯ ಹಲಗೆ ಮರಾಠಿ. ನಮಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಹಲಗೆಯ ಲಿಪಿ ಮಾತ್ರ ಬೇರೆ. ಒಂದು ಮನೆಯಲ್ಲಿ ಚಹಾ ಕುಡಿಯುತ್ತಿರುವಾಗ, ನಾವು ಪತ್ರಿಕೆಯವರೆಂದು ತಿಳಿದ ಮನೆಯ ಹಿರಿಯರು ಒಳಗಿನಿಂದ ಒಂದು ತಗಡಿನ ಪೆಟ್ಟಿಗೆಯನ್ನು ಹೊರಗೆ ತರಿಸಿದರು.

"ನಮ್ಮ ಮುತ್ಯಾನ ಕಾಲದ್ದು ಐತ್ರಿ. ನನಗ ಕಣ್ಣು ಕಾಣಂಗಿಲ್ಲ, ಮೊಮ್ಮಗಗ ಅಕ್ಷರ ಬರಂಗಿಲ್ಲ. ಒಲಿಗೆ ಹಾಕಾಕ ಮನಸ್ಸು ಬರವಲ್ದು. ಏನೈತಿ ಅಂತ ನೀವರ ನೋಡ್ರಿ."

ಅಕ್ಷರ ಬರುವುದಿಲ್ಲವೆಂದರೆ ಆ ಹುಡುಗ ಓದಿಲ್ಲವೆಂದಲ್ಲ. ಸೊಲ್ಲಾಪುರದಲ್ಲಿ ಪದವಿ ಓದುತ್ತಿದ್ದಾನೆ. ಮರಾಠಿ, ಹಿಂದಿ, ಇಂಗ್ಲಿಷ್ ಮೂರನ್ನೂ ಬಲ್ಲ. ಮನೆಯಲ್ಲಿ ಆಡುವ ಮಾತಿನ ಅಕ್ಷರವನ್ನು ಮಾತ್ರ ಕಲಿತಿಲ್ಲ. ಇಂಥ ಹುಡುಗರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ನಾವು ಲೆಕ್ಕ ಕೊಡಬೇಕಾಗಿಲ್ಲ. ಓದುಗರು ತಮ್ಮ ತಮ್ಮ ಮನೆಯಲ್ಲೇ ನೋಡಿಕೊಳ್ಳಬಹುದು.

ಪೆಟ್ಟಿಗೆಯಲ್ಲಿ ಮೊದಲು ಸಿಕ್ಕಿದ್ದು ಒಂದು ಕಡತ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಮಾಡುತ್ತಿದ್ದ ಕಪ್ಪು ಪುಸ್ತಕವದು. ಬಳಪದಿಂದ ಬರೆಯುವುದು, ಬೇಡವಾದರೆ ಅಳಿಸಿ ಮತ್ತೆ ಬರೆಯುವುದು. ಶೃಂಗೇರಿ ಮಠದ ಕಡತಗಳು ವಿದ್ವಾಂಸರಿಗೆಲ್ಲ ಗೊತ್ತು. ಇಂದು ಸರಕಾರಿ ಕಚೇರಿಯ ಫೈಲಿಗೆ 'ಕಡತ' ಎನ್ನುವವರು ನಿಜವಾದ ಕಡತವನ್ನು ಕಂಡಿರುವುದಿಲ್ಲ. ಹನ್ನೂರದ ಈ ಕಡತದಲ್ಲಿ ಜೋಳದ ಸಾಲದ ಲೆಕ್ಕವಿತ್ತು, ಮದುವೆಗೆ ಬಂದ ಮುಯ್ಯಿಯ ಪಟ್ಟಿಯಿತ್ತು. ಅದರ ಕೆಳಗೆ ಮೋಡಿ ಲಿಪಿಯ ಮರಾಠಿ ಕಾಗದಗಳ ಒಂದು ಕಂತೆ. ಹೊಲಮನೆಗೆ ಸಂಬಂಧಿಸಿದ್ದಿರಬೇಕೆಂದು ಮಾಸ್ತರರು ಊಹಿಸಿದರು, ಓದಲು ಅವರಿಂದಾಗಲಿಲ್ಲ. ಮರಾಠಿ ಬಲ್ಲ ಮೊಮ್ಮಗನಿಂದಲೂ ಆಗಲಿಲ್ಲ. ಮೋಡಿ ಬಳಕೆಯಿಂದ ಹೋಗಿ ಎಷ್ಟೋ ದಶಕಗಳಾದವು. ಮರಾಠಿಯವರ ಮನೆಗಳಲ್ಲಿಯೂ ಮೋಡಿ ಕಾಗದಗಳು ಓದುವವರಿಲ್ಲದೆ ಬಿದ್ದಿವೆ ಎಂಬುದನ್ನು ಇಲ್ಲಿ ಹೇಳಿಬಿಡುವುದು ನ್ಯಾಯ. ಕಷ್ಟ ಕನ್ನಡದ್ದೊಂದೇ ಅಲ್ಲ. ಆಮೇಲೆ ಭಜನೆಯ ಹಾಡು, ತತ್ವಪದಗಳ ಎರಡು ಪುಸ್ತಕ. ಎಲ್ಲಕ್ಕಿಂತ ಕೆಳಗೆ ಕೆಲವು ಕಾಗದಗಳು.

ಮನೆಯ ಹಿರಿಯರ ಸೋದರಮಾವನೊಬ್ಬ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದನಂತೆ. ಅವನು ಊರಿಗೆ ಬರೆದವು. ಒಂದರಲ್ಲಿ 1930ರ ತಾರೀಖು. ಆ ವರ್ಷದ ಮೇ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಬ್ರಿಟಿಷ್ ಸರಕಾರ ಮಾರ್ಶಲ್ ಲಾ ಹೇರಿದ್ದು, ಮರು ವರ್ಷ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು ಗಲ್ಲಿಗೇರಿಸಿದ್ದು ಸ್ವಾತಂತ್ರ್ಯ ಚಳವಳಿಯ ಇತಿಹಾಸದಲ್ಲಿದೆ. ಗಿರಣಿಯ ಆ ಕೆಲಸಗಾರ ಚಳವಳಿಯ ಮಾತನ್ನೇನೂ ಬರೆದಿಲ್ಲ. ಪೇಟೆಯಲ್ಲಿ ಸಿಪಾಯಿಗಳಿದ್ದಾರೆ, ಯಾರೂ ಈ ಕಡೆ ಬರಬೇಡಿ, ಪಗಾರ ಸಿಕ್ಕಿಲ್ಲ, ಅವ್ವನಿಗೆ ಹೇಳಬೇಡಿ ಎಂದಿಷ್ಟೇ. ಮಾಸ್ತರರು ಅದನ್ನು ಗಟ್ಟಿಯಾಗಿ ಓದಿದಾಗ ಹಿರಿಯರು "ಇನ್ನೊಮ್ಮೆ ಓದ್ರಿ" ಎಂದರು. ಅಷ್ಟು ವರ್ಷ ಆ ಕಾಗದ ಅದೇ ಮನೆಯಲ್ಲಿತ್ತು. ಅದರಲ್ಲಿ ಏನಿದೆಯೆಂದು ಅವರು ಕೇಳಿದ್ದು ಆ ದಿನವೇ.

ಮೊಮ್ಮಗ ಹೇಳಿದ ಇನ್ನೊಂದು ಸಂಗತಿಯೂ ಇದೆ. ಎರಡು ವರ್ಷದ ಹಿಂದೆ ಅವನು ಇದರಲ್ಲಿ ಕೆಲವನ್ನು ಚೀಲದಲ್ಲಿ ಹಾಕಿಕೊಂಡು ದೂರದ ನಗರದ ಒಂದು ದೊಡ್ಡ ಗ್ರಂಥಾಲಯಕ್ಕೆ ಹೋಗಿದ್ದನಂತೆ. ಅಲ್ಲಿಯವರು ಮರ್ಯಾದೆಯಿಂದಲೇ ಮಾತನಾಡಿಸಿದರು. ಮೋಡಿ ಕಾಗದಗಳನ್ನು ಬೇಕಾದರೆ ಇಟ್ಟುಕೊಳ್ಳುತ್ತೇವೆ, ಕನ್ನಡದ್ದನ್ನು ಪಟ್ಟಿ ಮಾಡಲು ನಮ್ಮಲ್ಲಿ ಜನವಿಲ್ಲ, ಕರ್ನಾಟಕದಲ್ಲಿ ಕೇಳಿ ನೋಡು ಎಂದರು. ಒಂದೇ ಮನೆಯ ಒಂದೇ ಪೆಟ್ಟಿಗೆಯ ಕಾಗದಗಳನ್ನು ಹೀಗೆ ಎರಡು ರಾಜ್ಯಗಳಿಗೆ ಪಾಲು ಮಾಡುವುದು ಹುಡುಗನಿಗೆ ಸರಿಕಾಣಲಿಲ್ಲ. ಚೀಲವನ್ನು ತಿರುಗಿ ತಂದ.

ಇಂಥ ಹಳೆಯ ಕಾಗದಗಳಿಗೆ ಬೆಲೆಯುಂಟೇ ಎಂದು ಕೇಳುವವರು ಉಂಟು. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ, ನಮ್ಮ ಜಿಲ್ಲೆಯ ತೆಂಕಣ ಗಡಿ ದಾಟಿದರೆ ಸಾಕು. 'ಪಯ್ಯನ್ನೂರು ಪಾಟ್ಟು' ಎಂಬ ಹಳೆಯ ಮಲಯಾಳ ಕಾವ್ಯದ ಹೆಸರನ್ನು ಮಲಯಾಳ ಬಲ್ಲ ಓದುಗರು ಕೇಳಿರಬಹುದು. ಪಯ್ಯನ್ನೂರಿನ ಈ ಹಾಡಿನ ಹಸ್ತಪ್ರತಿ ಕೇರಳದ ವಿದ್ವಾಂಸರಿಗೆ ಸಿಕ್ಕಿದ್ದು ಪಯ್ಯನ್ನೂರಿನಲ್ಲಿ ಅಲ್ಲ, ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ. ತಲಶ್ಶೇರಿಯಲ್ಲಿ ನೆಲಸಿ 1872ರಲ್ಲಿ ಮಲಯಾಳ ನಿಘಂಟನ್ನು ಪ್ರಕಟಿಸಿದ ಬಾಸೆಲ್ ಮಿಶನಿನ ಹೆರ್ಮನ್ ಗುಂಡರ್ಟ್, 1859ರಲ್ಲಿ ಜರ್ಮನಿಗೆ ಮರಳಿದಾಗ ತಾನು ಕೂಡಿಸಿದ ಓಲೆ, ಕಾಗದ, ಪುಸ್ತಕಗಳನ್ನೂ ಒಯ್ದಿದ್ದರು. ಅವು ಕಾಲಕ್ರಮದಲ್ಲಿ ಆ ಗ್ರಂಥಾಲಯವನ್ನು ಸೇರಿದವು. ಸೇರಿ ಎಷ್ಟೋ ಕಾಲ ಯಾರೂ ಮುಟ್ಟದೆ ಉಳಿದವು. 1980ರ ದಶಕದಲ್ಲಿ ಚಂಗನಾಶ್ಶೇರಿಯ ಪ್ರಾಧ್ಯಾಪಕ ಸ್ಕರಿಯಾ ಸಕರಿಯಾ ಅಲ್ಲಿಗೆ ಹೋಗಿ, ಅವನ್ನು ತೆರೆದು, ಇಂಥದ್ದು ಇಂಥಲ್ಲಿದೆ ಎಂದು ಗುರುತಿಸಿದರು. ಆಮೇಲೆ ಒಂದೊಂದಾಗಿ ಅಚ್ಚಾದವು. 2018ರಲ್ಲಿ ಆ ಗ್ರಂಥಾಲಯ ಲಕ್ಷಕ್ಕೂ ಹೆಚ್ಚು ಪುಟಗಳ ಚಿತ್ರ ತೆಗೆದು, ಯಾರು ಬೇಕಾದರೂ ದುಡ್ಡಿಲ್ಲದೆ ನೋಡುವಂತೆ ಅಂತರ್ಜಾಲಕ್ಕೆ ಏರಿಸಿತು. ಗುಂಡರ್ಟ್ ಪೋರ್ಟಲ್ ಎಂದು ಅದರ ಹೆಸರು.

ನಾವು ಒಂದು ಸಂಜೆ ಅದನ್ನು ತೆರೆದು ಕುಳಿತೆವು. ಮಲಯಾಳದ ಸಂಪತ್ತನ್ನು ನೋಡಿ ಬರೋಣವೆಂದು ಹೊರಟವರಿಗೆ ಅಲ್ಲಿ ನಮ್ಮ ಕಡೆಯದ್ದೂ ಕಣ್ಣಿಗೆ ಬಿತ್ತು. ಮಂಗಳೂರಿನ ಅಚ್ಚುಕೂಟದಿಂದ ಹೊರಟ ಕನ್ನಡ ಪುಸ್ತಕಗಳು, ಕನ್ನಡ ಅಕ್ಷರದ ತುಳು ಪುಸ್ತಕಗಳು. ಆಶ್ಚರ್ಯಪಡುವಂಥದ್ದಲ್ಲ ನಿಜ. ಬಾಸೆಲ್ ಮಿಶನಿನವರು ಈ ಕರಾವಳಿಗೆ ಬಂದದ್ದು 1834ರಲ್ಲಿ, ಮೊದಲು ನೆಲೆಯೂರಿದ್ದು ಮಂಗಳೂರಿನಲ್ಲಿ. 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣ ಹೂಡಿದ ಹೆರ್ಮನ್ ಮೋಗ್ಲಿಂಗ್ ಟ್ಯೂಬಿಂಗೆನ್ನಿನಲ್ಲೇ ಓದಿದವರು. ನಮ್ಮ ವೃತ್ತಿಯ ಮೂಲಪುರುಷರೆಂದರೂ ಸಲ್ಲುತ್ತದೆ. 1843ರ ಜುಲೈ 1ರಂದು ಹೊರಟ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. 1848ರಿಂದ ಮುಂದಕ್ಕೆ ಅವರು 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದ, ಕನ್ನಡ ಗಾದೆಗಳನ್ನೆಲ್ಲ ಕಲ್ಲಚ್ಚಿನಲ್ಲಿ ಹೊರತಂದರು. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಮಗೆ, ಆ ಮಾಲೆಯಲ್ಲಿ 'ರಾವಣ ದಿಗ್ವಿಜಯ' ಎಂಬ ಯಕ್ಷಗಾನ ಪ್ರಸಂಗವೂ ಸೇರಿತ್ತೆಂಬುದು ಹೆಮ್ಮೆಯ ಮಾತು. 1894ರ ದೊಡ್ಡ ಕನ್ನಡ ನಿಘಂಟಿನ ಕಿಟ್ಟೆಲರು ಮುಪ್ಪಿನಲ್ಲಿ ನೆಲಸಿ 1903ರಲ್ಲಿ ತೀರಿಕೊಂಡದ್ದು ಅದೇ ಟ್ಯೂಬಿಂಗೆನ್ನಿನಲ್ಲಿ. ಗುಂಡರ್ಟರ ಮಲಯಾಳ ನಿಘಂಟು ಕೂಡ ಅಚ್ಚಾದದ್ದು ಮಂಗಳೂರಿನಲ್ಲಿ.

ಹೀಗಿದ್ದೂ ಟ್ಯೂಬಿಂಗೆನ್ ಎಂದೊಡನೆ ಮಲಯಾಳಿಗೆ ತನ್ನದೇನೋ ಅಲ್ಲಿದೆ ಎಂದು ತೋಚುತ್ತದೆ, ಕನ್ನಡಿಗನಿಗೆ ತೋಚುವುದಿಲ್ಲ. ಇದಕ್ಕೆ ಮಲಯಾಳಿಗಳನ್ನು ದೂರಿ ಪ್ರಯೋಜನವಿಲ್ಲ. ಅವರ ಕಡೆಯಿಂದ ಓದಬಲ್ಲವನೊಬ್ಬ ಹೋದ, ಕುಳಿತ, ಪಟ್ಟಿ ಮಾಡಿದ. ಅವನು ಬಂದು ಹೇಳಿದಾಗ ಅದನ್ನು ಕೇಳಿಸಿಕೊಳ್ಳುವ ವಿಶ್ವವಿದ್ಯಾನಿಲಯಗಳೂ ಪ್ರಕಾಶಕರೂ ಊರಲ್ಲಿದ್ದರು. ನಮ್ಮವರು ಅಲ್ಲಿಗೆ ಹೋಗಲೇ ಇಲ್ಲವೆಂದಲ್ಲ. ಆದರೆ ಬೆಂಗಳೂರಿನಿಂದ ಹೋದವರಿಗೆ ಕಿಟ್ಟೆಲ್, ಮೋಗ್ಲಿಂಗ್ ಎಂಬ ದೊಡ್ಡ ಹೆಸರುಗಳ ಮೇಲೆ ಕಣ್ಣು. ಗಡಿಯೂರಿನ ಕಾಗದಗಳು ತಮ್ಮವು ಎಂದು ಅವರಿಗೆ ಅನ್ನಿಸಬೇಕಾದ ಕಾರಣವೇನು?

ಕಪಾಟು ಎಷ್ಟೇ ಭದ್ರವಾಗಿದ್ದರೂ ಓದುವವನಿಲ್ಲದಿದ್ದರೆ ಒಳಗಿರುವುದು ಮೂಕ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಪ್ರಸಂಗವನ್ನೇ ನೋಡಿ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ಓಲೆಯ ಕಟ್ಟನ್ನು ಅಲ್ಲಿಗೆ ಒಪ್ಪಿಸಿ ಹೋದರು. ಭಾಷೆ ಸಂಸ್ಕೃತ, ಲಿಪಿ ಗ್ರಂಥ. ಅಂದರೆ ಮೈಸೂರಿನ ಕನ್ನಡಿಗ ಗುಮಾಸ್ತನಿಗೆ ಅದು ಬರಿಯ ಗೀಚು. ಅದೃಷ್ಟವಶಾತ್ ಅಲ್ಲಿ ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳಿಗೆ ಆ ಲಿಪಿ ಬರುತ್ತಿತ್ತು. ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ! ಇದ್ದಿತೆಂದು ಮಾತ್ರ ತಿಳಿದಿದ್ದ, ಕಣ್ಣಿಗೆ ಬೀಳದಿದ್ದ ಗ್ರಂಥ. 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಆ ಗ್ರಂಥಾಲಯ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. ಶಾಸ್ತ್ರಿಗಳ ಜಾಗದಲ್ಲಿ ಗ್ರಂಥ ಲಿಪಿ ಬಾರದವರು ಇದ್ದಿದ್ದರೆ, ಪಟ್ಟಿಯಲ್ಲಿ 'ತಮಿಳು ಓಲೆ, ಒಂದು ಕಟ್ಟು' ಎಂದು ಬರೆದು ಮೇಲಿನ ಹಲಗೆಗೆ ಏರಿಸಿಬಿಡುತ್ತಿದ್ದರು. ಅದು ಇಂದಿಗೂ ಅಲ್ಲೇ ಇರುತ್ತಿತ್ತು.

ಇದು ನಮ್ಮ ಕಲ್ಪನೆಯೆಂದು ಯಾರೂ ತಿಳಿಯಬಾರದು. ಹಲವು ವರ್ಷಗಳ ಹಿಂದೆ ನಾವು ಒಂದು ದೊಡ್ಡ ಹಸ್ತಪ್ರತಿ ಭಂಡಾರದಲ್ಲಿ ಎರಡು ದಿನ ಕಳೆದಿದ್ದೆವು. ಪಟ್ಟಿಯಲ್ಲಿ ಕನ್ನಡವೆಂದು ಇದ್ದದ್ದು ಬೆರಳೆಣಿಕೆ. 'ಮಲಯಾಳ ಲಿಪಿ, ಭಾಷೆ ತಿಳಿಯದು' ಎಂದು ನಮೂದಿಸಿದ್ದ ಒಂದು ಕಟ್ಟನ್ನು ಕುತೂಹಲಕ್ಕೆ ಕೇಳಿ ತರಿಸಿದೆವು. ನಮ್ಮ ಜೊತೆಗಿದ್ದ ವೈದಿಕರೊಬ್ಬರು ಅದನ್ನು ಕೈಗೆತ್ತಿಕೊಂಡವರೇ ಓದತೊಡಗಿದರು. ಅದು ತುಳು ಲಿಪಿ, ತಿಗಳಾರಿ ಎಂದು ಕರೆಯುವುದೂ ಅದನ್ನೇ. ಮಲಯಾಳ ಲಿಪಿಯ ಒಡಹುಟ್ಟು. ಮೇಲುನೋಟಕ್ಕೆ ಎರಡಕ್ಕೂ ವ್ಯತ್ಯಾಸ ಗೊತ್ತಾಗದು. ಪಟ್ಟಿ ಬರೆದ ಗುಮಾಸ್ತನ ತಪ್ಪೇನೂ ಇರಲಿಲ್ಲ, ಅವನಿಗೆ ಹೇಳಿಕೊಡುವವರು ಇರಲಿಲ್ಲ. ತಿದ್ದಬೇಕೆಂದು ಒಂದು ಚೀಟಿ ಬರೆದು ಕೊಟ್ಟು ಬಂದೆವು. ತಿದ್ದಿದ ಸುದ್ದಿ ಬರಲಿಲ್ಲ.

ಅದೇ ಲಿಪಿಯನ್ನು ಬಲ್ಲವರೊಬ್ಬರು ನಮ್ಮ ಜಿಲ್ಲೆಯಲ್ಲಿದ್ದುದರಿಂದ ಏನಾಯಿತೆಂಬುದೂ ಗೊತ್ತಿದೆ. ವೆಂಕಟರಾಜ ಪುಣಿಂಚತ್ತಾಯರು ಮನೆಗಳ ಅಟ್ಟದಿಂದ ಇಳಿದ ಓಲೆಗಳನ್ನು ಓದಿ, ವಿಷ್ಣುತುಂಗನ 'ಶ್ರೀ ಭಾಗವತೋ', 'ಕಾವೇರಿ' ಮೊದಲಾದ ತುಳು ಕಾವ್ಯಗಳನ್ನು ಬೆಳಕಿಗೆ ತಂದರು. ಅದಕ್ಕೆ ಮುಂಚೆ ತುಳುವಿನಲ್ಲಿ ಪಾಡ್ದನವಲ್ಲದೆ ಪ್ರಾಚೀನ ಲಿಖಿತ ಕಾವ್ಯ ಎಲ್ಲಿದೆ ಎಂದು ಕೇಳುವವರಿದ್ದರು. ಆ ಬಾಯಿಗಳನ್ನು ಮುಚ್ಚಿಸಿದ್ದು ಭಾಷಣವಲ್ಲ, ನಾಲ್ಕು ಓಲೆಯ ಕಟ್ಟುಗಳು. ಇಂದು ಆ ಲಿಪಿಗೆ ಜಗತ್ತಿನ ಗಣಕ ಯಂತ್ರಗಳಲ್ಲಿಯೂ ಜಾಗ ಸಿಕ್ಕಿದೆ. 2024ರಲ್ಲಿ ಹೊರಬಂದ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಸೇರಿದೆ.

ಹನ್ನೂರದ ಸೀಮೆಯಲ್ಲಿಯೂ ಇಂಥದ್ದು ನಡೆಯದೆ ಇಲ್ಲ. ಭೀಮೆಯ ಆಚೆಯ ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ಜಗುಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟು ಪೂಜೆ ಮಾಡುತ್ತಿದ್ದ ಓಲೆಗಳನ್ನು ಬೇಡಿ ತಂದು ಓದಿದ್ದರಿಂದಲೇ 1923ರಲ್ಲಿ 'ವಚನಶಾಸ್ತ್ರಸಾರ' ಬಂತು. ಇಂದು ಸಿದ್ಧರಾಮನ ವಚನವನ್ನು ಶಾಲೆಯ ಮಗು ಹೇಳುವುದಾದರೆ ಅದರ ಹಿಂದೆ ಇಂಥವರ ಅಲೆದಾಟವಿದೆ. ಆ ಸಿದ್ಧರಾಮನ ಊರು ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ. ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾಗಿ 1974ರಲ್ಲಿ ಮಂಡ್ಯದಲ್ಲಿ ಕುಳಿತ ಜಯದೇವಿತಾಯಿ ಲಿಗಾಡೆಯವರೂ ಸೊಲ್ಲಾಪುರದವರೇ. ಆ ಜಿಲ್ಲೆಯ ಕಲ್ಲುಗಳಾದರೂ ಓದಲ್ಪಟ್ಟಿವೆ. ಧಾರವಾಡದ ಶ್ರೀನಿವಾಸ ರಿತ್ತಿಯವರೂ ಸೊಲ್ಲಾಪುರದ ಆನಂದ ಕುಂಭಾರರೂ ಜೊತೆಗೂಡಿ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟವನ್ನು 1988ರಲ್ಲಿ ಪ್ರಕಟಿಸಿದರು. ಅದನ್ನು ತಿರುವಿ ಹಾಕಿದವರಿಗೆ ಆ ನೆಲದಲ್ಲಿ ಕನ್ನಡದ ಬೇರು ಎಷ್ಟು ಆಳವೆಂಬುದು ತಿಳಿಯುತ್ತದೆ. ಹಾಗೆಯೇ ಸೀನಾ ಭೀಮಾ ಕೂಡುವಲ್ಲಿ ಕೂಡಲದಲ್ಲಿರುವ 1018ರ ಶಾಸನದ ಮರಾಠಿ ಸಾಲು ಮರಾಠಿಯ ವಿದ್ವಾಂಸರಿಗೂ ಅಷ್ಟೇ ಅಮೂಲ್ಯ. ಧಾರವಾಡವೂ ಸೊಲ್ಲಾಪುರವೂ ಒಂದೇ ಮೇಜಿನ ಮುಂದೆ ಕುಳಿತದ್ದರಿಂದ ಯಾರಿಗೂ ನಷ್ಟವಾಗಲಿಲ್ಲ.

ಕಲ್ಲು ಕಾಯುತ್ತದೆ. ಸಾವಿರ ವರ್ಷ ಕಾದು, ಓದುವವನು ಬಂದಾಗ ಬಾಯಿ ಬಿಡುತ್ತದೆ. ಕಾಗದಕ್ಕೆ ಆ ಶಕ್ತಿಯಿಲ್ಲ. ನಮ್ಮ ಮಳೆಗಾಲದಲ್ಲಂತೂ ಇಲ್ಲ. ಗೆದ್ದಲು, ಬೂಸಲು, ಸೋರುವ ಹಂಚು, ಇವೆಲ್ಲಕ್ಕಿಂತ ಮಿಗಿಲಾಗಿ ಮನೆಯವರ ಬೇಸರ. ನಮ್ಮ ಜಿಲ್ಲೆಯಲ್ಲಿ ಅತಿ ದೊಡ್ಡ ನಾಶ ಯಾವಾಗ ಆಯಿತೆಂದು ನಮ್ಮನ್ನು ಕೇಳಿದರೆ, 1970ರ ನಂತರದ ನಾಲ್ಕಾರು ವರ್ಷಗಳಲ್ಲಿ ಎನ್ನುತ್ತೇವೆ. ಆ ವರ್ಷ ಜನವರಿ 1ರಿಂದ ಕೇರಳದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯಿತು. ಉಳುವವನಿಗೆ ಭೂಮಿ ಸಿಕ್ಕಿತು, ಅದು ಆಗಬೇಕಾದದ್ದೇ. ಆದರೆ ಅದರ ಬೆನ್ನಿಗೆ ಮನೆಮನೆಗಳಲ್ಲಿ ಮೂಲಗೇಣಿ ಚೀಟು, ಚಾಲಗೇಣಿ ಚೀಟು, ವರ್ಗದ ಪತ್ರ, ಗೇಣಿ ಅಕ್ಕಿ ಅಳೆದ ಲೆಕ್ಕಪುಸ್ತಕ ಎಲ್ಲವೂ ಒಂದೇ ಏಟಿಗೆ ಕೆಲಸಕ್ಕೆ ಬಾರದ ಕಾಗದಗಳಾದವು. ಧಣಿಯ ಮನೆಯಲ್ಲಿ ಅವನ್ನು ಸಿಟ್ಟಿನಿಂದ ಸುಟ್ಟರು, ಒಕ್ಕಲಿನ ಮನೆಯಲ್ಲಿ ಸಂತೋಷದಿಂದ ಸುಟ್ಟರು. ಬಚ್ಚಲ ಒಲೆಗೆ ಎರಡೂ ಒಂದೇ. 1956ರ ನವಂಬರ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತಲ್ಲವೇ. ಆ ಚೀಟುಗಳಲ್ಲಿ ಎಷ್ಟೋ ಕನ್ನಡದಲ್ಲಿದ್ದವು. ಯಾವ ಗದ್ದೆಗೆ ಯಾವ ಹೆಸರಿತ್ತು, ಯಾವ ಜಾತಿಯವರು ಯಾರ ಒಕ್ಕಲು, ಬರಗಾಲದ ವರ್ಷ ಎಷ್ಟು ಮುಡಿ ಬಾಕಿ ಬಿತ್ತು ಎಂಬುದನ್ನೆಲ್ಲ ಹೇಳುವ ಸಾಕ್ಷಿ ಅದು. ಮುಂದೆ ಯಾರಾದರೂ ಈ ಊರಿನ ಚರಿತ್ರೆ ಬರೆಯಹೊರಟರೆ ಕಲೆಕ್ಟರರ ಇಂಗ್ಲಿಷ್ ವರದಿಗಳನ್ನು ಹಿಡಿದೇ ಬರೆಯಬೇಕು. ಅದರಲ್ಲಿ ನಮ್ಮ ಅಜ್ಜಂದಿರು ಅಂಕಿಗಳಾಗಿ ಮಾತ್ರ ಇದ್ದಾರೆ.

ಹಾಗಾದರೆ ಎಲ್ಲವನ್ನೂ ಹೊತ್ತು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿಬಿಡಬೇಕೇ? ಹಾಗೆಂದು ನಾವು ಹೇಳಲಾರೆವು. ಒಪ್ಪಿಸಿದ್ದರಿಂದ ಒಳಿತಾದ ಉದಾಹರಣೆ ನಮ್ಮಲ್ಲೇ ಇದೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡ ಮೇಲೆ ಅವರ ಅಪಾರ ಪುಸ್ತಕ ಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜನ್ನು ಸೇರಿತು. ಅವರ ಹೆಸರಿನ ಸಂಶೋಧನ ಕೇಂದ್ರ ಅಲ್ಲಿ ಬೆಳೆಯಿತು, ಆರು ಸಂಪುಟಗಳ ತುಳು ನಿಘಂಟು ಅಲ್ಲಿಂದಲೇ ಹೊರಟಿತು. ಪುಸ್ತಕಗಳು ಗಡಿ ದಾಟಿ ಹೋದವೆಂದು ಕೊರಗುವವರನ್ನು ನಾವು ಕಂಡಿದ್ದೇವೆ. ಅಂದು ಇಲ್ಲಿಯೇ ಇರಿಸಿಕೊಂಡಿದ್ದರೆ ಎಲ್ಲಿ ಇಡುತ್ತಿದ್ದೆವು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ. ಆದರೆ ಪೈಗಳ ಹೆಸರಿದ್ದ ಸಂಗ್ರಹಕ್ಕೆ ಸಿಕ್ಕ ಮರ್ಯಾದೆ ಹನ್ನೂರದ ಪೆಟ್ಟಿಗೆಗೆ ಸಿಕ್ಕೀತೆಂಬ ಭರವಸೆ ನಮಗಿಲ್ಲ. ಹೆಸರಿಲ್ಲದವರ ಕಾಗದ ಮೂಲೆ ಸೇರುತ್ತದೆ. ಆದುದರಿಂದ, ಯಾವ ಸಂಸ್ಥೆಗೇ ಆಗಲಿ, ಪಟ್ಟಿಯೂ ರಸೀದಿಯೂ ಇಲ್ಲದೆ ಮೂಲವನ್ನು ಕೊಡಬಾರದೆಂಬುದೇ ನಮ್ಮ ಅಭಿಪ್ರಾಯ. ಮೊದಲು ಚಿತ್ರ ತೆಗೆದಿಡಿ. ಇಂದು ಪ್ರತಿ ಮನೆಯಲ್ಲೂ ಫೋನು ಇದೆ, ಅದರಲ್ಲಿ ಮದುವೆಯ ಊಟದ ಎಲೆಯ ಚಿತ್ರವೂ ಇದೆ. ಅಜ್ಜನ ಕೈಬರಹದ ನಾಲ್ಕು ಚಿತ್ರಕ್ಕೆ ಅದರಲ್ಲಿ ಜಾಗವಾಗದೆ ಇರದು.

ವಿಶ್ವವಿದ್ಯಾನಿಲಯಗಳಿಗೂ ಒಂದು ಮಾತು ಹೇಳಬೇಕು. 1969ರ ರಾಜಭಾಷಾ ಕಾಯ್ದೆಯಂತೆ ಕೇರಳದ ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ ಕನ್ನಡದಲ್ಲಿ ಅರ್ಜಿ ಬರೆಯಬಹುದು. ಇಂದು ಬರೆಯುವ ಅರ್ಜಿಗೆ ಈ ಹಕ್ಕು ಇದೆಯಾದರೆ, ನೂರು ವರ್ಷದ ಹಿಂದೆ ಬರೆದದ್ದಕ್ಕೆ ಏಕಿಲ್ಲ? ಈ ರಾಜ್ಯದ ಹಸ್ತಪ್ರತಿ ಭಂಡಾರಗಳಲ್ಲಿ ಕನ್ನಡವನ್ನೂ ತುಳು ಲಿಪಿಯನ್ನೂ ಬಲ್ಲ ಒಬ್ಬರಾದರೂ ಇರಲಿ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ಮಾಡಿದವರು ಕೆಲಸವಿಲ್ಲದೆ ಕುಳಿತಿರುವಾಗ ಜನ ಸಿಗುವುದಿಲ್ಲವೆಂಬ ಮಾತು ನಡೆಯದು. 2004ರಲ್ಲಿ ಹುಟ್ಟಿ ಈಗ ಅಹಿಲ್ಯಾದೇವಿ ಹೋಳ್ಕರರ ಹೆಸರು ಹೊತ್ತಿರುವ ಸೊಲ್ಲಾಪುರ ವಿಶ್ವವಿದ್ಯಾನಿಲಯದ ಸುತ್ತಮುತ್ತ ಹನ್ನೂರದಂಥ ಊರುಗಳು ಬೇಕಾದಷ್ಟಿವೆ. ಮೋಡಿ ಬಲ್ಲವರೊಬ್ಬರು, ಕನ್ನಡ ಬಲ್ಲವರೊಬ್ಬರು ಜೊತೆಯಾಗಿ ಒಂದು ತಿಂಗಳು ಆ ಊರುಗಳಲ್ಲಿ ತಿರುಗಿದರೆ ಬರುವುದು ಎರಡು ಭಾಷೆಗಳದ್ದೂ ಆಸ್ತಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ ಹುಟ್ಟಿದಾಗ ಧಾರವಾಡವೂ ಸೊಲ್ಲಾಪುರವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು ಎಂಬುದನ್ನು ಧಾರವಾಡದವರಿಗೆ ನೆನಪಿಸಿದರೆ ತಪ್ಪಾಗಲಾರದು.

ಹನ್ನೂರದ ಮಾಸ್ತರರು ಯಾರ ಆದೇಶಕ್ಕೂ ಕಾಯಲಿಲ್ಲ. ನಾವು ಅಲ್ಲಿದ್ದಾಗಲೇ ಶಾಲೆಯ ಒಂದು ವಹಿಯಲ್ಲಿ ಗೆರೆ ಹಾಕಿ, ಸಂಖ್ಯೆ ಕೊಟ್ಟು, ಒಂದೊಂದರ ಎದುರು ಭಾಷೆ, ಲಿಪಿ, ತಾರೀಖು, ಯಾರು ಯಾರಿಗೆ ಬರೆದದ್ದು ಎಂದು ಬರೆಯತೊಡಗಿದರು. ಮೊಮ್ಮಗ ಫೋನಿನಲ್ಲಿ ಚಿತ್ರ ತೆಗೆಯುತ್ತಾ ಹೋದ. ಗಿರಣಿಯಿಂದ ಬಂದ ಆ ಕಾಗದ ಹದಿನೇಳನೆಯದು. ಮೋಡಿಯ ಕಂತೆಯ ಎದುರು 'ಓದಿಲ್ಲ' ಎಂದು ಬರೆದರು. 'ಬೇಡ' ಎಂದು ಬರೆಯಲಿಲ್ಲ. ಮೊನ್ನೆ ಅವರಿಂದ ಬಂದ ಕಾಗದದಲ್ಲಿ ಮೋಡಿ ಬಲ್ಲ ನಿವೃತ್ತ ಗುಮಾಸ್ತರೊಬ್ಬರು ಸೊಲ್ಲಾಪುರದಲ್ಲಿ ಸಿಕ್ಕಿದ್ದಾರೆ, ಮಳೆ ನಿಂತ ಮೇಲೆ ಬರುತ್ತಾರೆ ಎಂದಿದೆ. ಹುಡುಗ ಕನ್ನಡದ ಅಕ್ಷರ ಕಲಿಯುತ್ತಿದ್ದಾನಂತೆ, ಒತ್ತಕ್ಷರದಲ್ಲಿ ಎಡವುತ್ತಾನಂತೆ.

ನಮ್ಮ ಓದುಗರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಚೀಟು, ಪ್ರಸಂಗದ ಓಲೆ, ಲೆಕ್ಕದ ಪುಸ್ತಕ, ಕಾಗದ ಪತ್ರಗಳಿದ್ದರೆ ಮಾಸ್ತರರು ಮಾಡಿದ ರೀತಿಯಲ್ಲಿ ಒಂದು ಪಟ್ಟಿ ಮಾಡಿ ನಮ್ಮ ಕಚೇರಿಗೆ ಕಳುಹಿಸಬಹುದು. ಓದಲು ಬಾರದ ಲಿಪಿಯಿದ್ದರೆ ಒಂದು ಪುಟದ ಚಿತ್ರ ಸಾಕು, ಓದಬಲ್ಲವರಿಗೆ ತೋರಿಸಿ ತಿಳಿಸುತ್ತೇವೆ. ಮನೆಯವರ ಒಪ್ಪಿಗೆಯಿದ್ದರೆ ಪಟ್ಟಿಯನ್ನು ವಾರಕ್ಕೊಂದರಂತೆ ಪ್ರಕಟಿಸುತ್ತೇವೆ. ಮೂಲ ಪ್ರತಿಯನ್ನು ಮಾತ್ರ ಯಾರೂ ಅಂಚೆಯಲ್ಲಿ ಕಳುಹಿಸಬಾರದಾಗಿ ವಿನಂತಿ.